ಒಂದು ರಾತ್ರಿಗೆ ಐದು ನೀಹಾರಿಕೆ: ಗುಡಿಬಂಡೆ ಬಳಿಯ ಆಕಾಶ ಛಾಯಾಗ್ರಹಣ ಕೂಟದ ವಿಮರ್ಶೆ

ಸಂಕ್ರಾಂತಿ ಕಳೆದ ಮೊದಲ ಶನಿವಾರ, ಅಮಾವಾಸ್ಯೆಯ ಹಿಂದಿನ ರಾತ್ರಿ, ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆ ತಾಲೂಕಿನ ಒಂದು ಮಾವಿನ ತೋಟದಲ್ಲಿ ಏರ್ಪಟ್ಟಿದ್ದ, ನೀಹಾರಿಕೆಗಳ (ನಕ್ಷತ್ರಗಳ ನಡುವಿನ ಅನಿಲ, ಧೂಳಿನ ಮೋಡಗಳ) ಛಾಯಾಗ್ರಹಣ ಕೂಟಕ್ಕೆ ನಾನೂ ನನ್ನ ಅಕ್ಕನ ಮಗಳೂ ಚಿಂತಾಮಣಿಯಿಂದ ಹೋಗಿದ್ದೆವು. ಸಂಜೆ ಐದರಿಂದ ಮರುದಿನ ಬೆಳಿಗ್ಗೆ ಹತ್ತರವರೆಗೆ ನಡೆಯುವ ಈ ಕೂಟಕ್ಕೆ ತಲಾ 2,500 ರೂಪಾಯಿ ಶುಲ್ಕ. ಊಟ, ಚಹಾ ಮತ್ತು ಮಲಗಲು ಡೇರೆ ಅದರಲ್ಲೇ ಸೇರಿವೆ. ಕ್ಯಾಮೆರಾವನ್ನು ನಕ್ಷತ್ರಗಳ ಚಲನೆಗೆ ಸರಿಯಾಗಿ ತಿರುಗಿಸುವ ಟ್ರ್ಯಾಕರ್ ಬೇಕಾದವರು 800 ರೂಪಾಯಿ ಬಾಡಿಗೆಯನ್ನು ಬೇರೆಯಾಗಿ ಕೊಡಬೇಕು. ನಾವು ಹದಿನೆಂಟು ಮಂದಿ ಇದ್ದೆವು, ಕಲಿಸುವವರು ಮೂವರು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಕಲಿಸುವುದರಲ್ಲಿ ಈ ಕೂಟ ನಾನು ಈವರೆಗೆ ಕಂಡವುಗಳಲ್ಲೆಲ್ಲ ಉತ್ತಮವಾದದ್ದು; ಆದರೆ ಒಂದೇ ರಾತ್ರಿಯಲ್ಲಿ ಐದು ನೀಹಾರಿಕೆಗಳನ್ನು ಮುಗಿಸಬೇಕೆಂಬ ಅವರ ವೇಳಾಪಟ್ಟಿ, ಅವರೇ ಸಂಜೆ ಕಲಿಸಿದ ಪಾಠಕ್ಕೆ ವಿರುದ್ಧವಾಗಿದೆ.

ಚಿಕ್ಕಬಳ್ಳಾಪುರ ದಾಟಿ ಹೈದರಾಬಾದ್ ಹೆದ್ದಾರಿಯಲ್ಲಿ ಉತ್ತರಕ್ಕೆ ಸಾಗಿ, ಪೆರೇಸಂದ್ರದಲ್ಲಿ ಹೆದ್ದಾರಿಯನ್ನು ಬಿಟ್ಟರೆ ಗುಡಿಬಂಡೆಯ ದಾರಿ ಸಿಗುತ್ತದೆ. ಕೊನೆಯ ಎರಡು ಕಿಲೋಮೀಟರ್ ಮಣ್ಣಿನ ರಸ್ತೆಯಾದ್ದರಿಂದ ಬೆಳಕಿರುವಾಗಲೇ ತಲುಪುವುದು ಒಳ್ಳೆಯದು. ಬೆಂಗಳೂರಿನವರು ಆಕಾಶ ನೋಡಲು ಸಾಮಾನ್ಯವಾಗಿ ನಂದಿ ಬೆಟ್ಟವನ್ನು ನೆನೆಯುತ್ತಾರೆ. ಬೆಟ್ಟ 1,478 ಮೀಟರ್ ಎತ್ತರವಿರುವುದು ನಿಜವಾದರೂ ದೇವನಹಳ್ಳಿಯ ವಿಮಾನ ನಿಲ್ದಾಣದ ಬೆಳಕು ಅದರ ಬುಡದಲ್ಲೇ ಇದ್ದಂತಿದೆ. ನೀಹಾರಿಕೆಯ ಚಿತ್ರಕ್ಕೆ ಎತ್ತರಕ್ಕಿಂತ ಮೊದಲು ಬೇಕಾದದ್ದು ಕತ್ತಲೆ. ಗುಡಿಬಂಡೆಯ ಕಡೆ ಆ ಕತ್ತಲೆ ಸಾಕಷ್ಟು ಉಳಿದಿದೆ. ನೆತ್ತಿಯ ಮೇಲಿನ ಆಕಾಶ ಅಂದು ಬಹಳ ಚೆನ್ನಾಗಿತ್ತು. ಆರ್ದ್ರಾ ಮತ್ತು ಲುಬ್ಧಕ ನಕ್ಷತ್ರಗಳ ಪಕ್ಕದಲ್ಲಿ ಚಳಿಗಾಲದ ತೆಳು ಆಕಾಶಗಂಗೆ ಬರಿಗಣ್ಣಿಗೆ ಕಾಣುತ್ತಿತ್ತು. ದಕ್ಷಿಣ ದಿಗಂತದ ಮಾತು ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಸಂಜೆಯ ಪಾಠ ಒಂದು ಗಂಟೆಯದು. ಹೆನ್ರಿ ಡ್ರೇಪರ್ ಅವರು 1880ರ ಸೆಪ್ಟೆಂಬರ್ 30ರಂದು 11 ಅಂಗುಲದ ದೂರದರ್ಶಕದಿಂದ 51 ನಿಮಿಷಗಳ ಎಕ್ಸ್‌ಪೋಷರ್ ಕೊಟ್ಟು ಮಹಾವ್ಯಾಧ (ಓರಿಯನ್) ನೀಹಾರಿಕೆಯ ಚಿತ್ರ ತೆಗೆದರೆಂಬುದರಿಂದ ಅದು ಆರಂಭವಾಯಿತು. ನೀಹಾರಿಕೆಯೊಂದರ ಮೊದಲ ಛಾಯಾಚಿತ್ರ ಅದೇ. ಆಮೇಲೆ ನೀಹಾರಿಕೆಗಳು ಹೊಳೆಯುವುದೇಕೆ ಎಂಬ ವಿಷಯ ಬಂತು. ಎಳೆಯ ಬಿಸಿ ನಕ್ಷತ್ರಗಳ ನೇರಳಾತೀತ ಕಿರಣಗಳು ಸುತ್ತಲಿನ ಜಲಜನಕದಿಂದ ಎಲೆಕ್ಟ್ರಾನನ್ನು ಕಿತ್ತುಹಾಕುತ್ತವೆ. ಎಲೆಕ್ಟ್ರಾನ್ ಮರಳಿ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವಾಗ 656.3 ನ್ಯಾನೋಮೀಟರಿನ ಕೆಂಪು ಬೆಳಕು ಹೊರಬೀಳುತ್ತದೆ, 500.7 ನ್ಯಾನೋಮೀಟರಿನ ಹಸಿರು ಬೆಳಕು ಆಮ್ಲಜನಕದ್ದು. ಈ ಹಸಿರು ರೇಖೆ ಭೂಮಿಯಲ್ಲಿಲ್ಲದ ಯಾವುದೋ ಹೊಸ ಮೂಲವಸ್ತುವಿನದೆಂದು ವಿಜ್ಞಾನಿಗಳು ಹಲವು ದಶಕ ನಂಬಿದ್ದರು, 1927ರಲ್ಲಿ ಐರಾ ಬೋವೆನ್ ಅದನ್ನು ಬಿಡಿಸಿದರು ಎಂಬುದನ್ನು ಕಲಿಸುವವರು ಎಷ್ಟು ಆಸಕ್ತಿಯಿಂದ ಹೇಳಿದರೆಂದರೆ, ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದ ಹುಡುಗರೂ ತಲೆಯೆತ್ತಿ ಕೇಳಿದರು. ನನಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು ಮಾತು. ಪಕ್ಕದ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಸೇರಿ ಕಟ್ಟಿದ ರೇಡಿಯೋ ದೂರದರ್ಶಕ 34.5 ಮೆಗಾಹರ್ಟ್ಸ್ ಆವರ್ತನದಲ್ಲಿ ಆಕಾಶವನ್ನು ಗಮನಿಸಿತ್ತು. ಅಷ್ಟು ಕಡಿಮೆ ಆವರ್ತನದಲ್ಲಿ ಇದೇ ಹೊಳೆಯುವ ಅನಿಲ ತನ್ನ ಹಿಂದಿನಿಂದ ಬರುವ ರೇಡಿಯೋ ತರಂಗಗಳನ್ನು ಹೀರಿಕೊಂಡು ಕಪ್ಪಾಗಿ ತೋರಬಲ್ಲದು. ನಮ್ಮ ಕ್ಯಾಮೆರಾಕ್ಕೆ ಬೆಳಗುವ ವಸ್ತು ಮೂವತ್ತು ನಲವತ್ತು ಕಿಲೋಮೀಟರ್ ಆಚೆಯ ಆ ದೂರದರ್ಶಕದ ಆಂಟೆನಾ ಕಂಬಗಳ ಸಾಲಿಗೆ ನೆರಳಾಗಿ ಕಾಣಬಹುದೆಂಬುದನ್ನು ಇದೇ ಜಿಲ್ಲೆಯಲ್ಲಿ ಕುಳಿತು ಕೇಳಿದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಕತ್ತಲಾದ ಮೇಲೆ ಕ್ಯಾಮೆರಾ ನಿಲ್ಲಿಸುವ ಕೆಲಸ ಶುರುವಾಯಿತು. ಇಲ್ಲಿಯೇ ಜಾಗದ ದೊಡ್ಡ ಕೊರತೆ ತಿಳಿದದ್ದು. ಟ್ರ್ಯಾಕರಿನ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು, ಅಂದರೆ ಅದು ಧ್ರುವ ನಕ್ಷತ್ರದ ಹತ್ತಿರದ ಒಂದು ಬಿಂದುವಿನ ಕಡೆಗೆ ಮುಖ ಮಾಡಿರಬೇಕು. ಧ್ರುವ ನಕ್ಷತ್ರವು ನಿಜವಾದ ಧ್ರುವದಿಂದ ಮುಕ್ಕಾಲು ಡಿಗ್ರಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿದೆ. ಗುಡಿಬಂಡೆಯ ಅಕ್ಷಾಂಶ 14 ಡಿಗ್ರಿಗಿಂತ ತುಸು ಕಡಿಮೆ. ಆದ್ದರಿಂದ ಧ್ರುವ ಇಲ್ಲಿ ದಿಗಂತದಿಂದ ಅಷ್ಟೇ ಎತ್ತರದಲ್ಲಿರುತ್ತದೆ. ಆ ತೋಟದ ಉತ್ತರದ ಬದಿಗೆ ನೀಲಗಿರಿ ತೋಪು ಇದೆ. ಹದಿನೆಂಟು ಜಾಗಗಳಲ್ಲಿ ಏಳೆಂಟರಿಂದ ಧ್ರುವ ನಕ್ಷತ್ರ ಮರಗಳ ಹಿಂದೆ ಪೂರ್ತಿ ಮರೆಯಾಗಿತ್ತು, ಮತ್ತು ನಮ್ಮ ಜಾಗವೂ ಅವುಗಳಲ್ಲೊಂದು. ನೀಹಾರಿಕೆಗಳಿಗೆಂದೇ ಜಾಗ ಆರಿಸುವ ಸಂಘಟಕರು ಉತ್ತರ ದಿಕ್ಕು ತೆರೆದಿದೆಯೇ ಎಂದು ಮೊದಲು ನೋಡಬೇಕಿತ್ತು.

ಆದರೆ ಆ ಕೊರತೆಯನ್ನು ಕಲಿಸುವವರು ತಮ್ಮ ಶ್ರಮದಿಂದ ತುಂಬಿಕೊಟ್ಟರು. ಧ್ರುವ ಕಾಣದವರನ್ನೆಲ್ಲ ಒಟ್ಟುಗೂಡಿಸಿ, ನಕ್ಷತ್ರದ ಸರಿತವನ್ನು ನೋಡಿ ಅಕ್ಷವನ್ನು ಸರಿಪಡಿಸುವ ಹಳೆಯ ವಿಧಾನವನ್ನು ತಾಳ್ಮೆಯಿಂದ ತೋರಿಸಿದರು. ದಕ್ಷಿಣೋತ್ತರ ರೇಖೆಯ ಹತ್ತಿರವಿರುವ ನಕ್ಷತ್ರವೊಂದನ್ನು ಪರದೆಯಲ್ಲಿ ಹಿಗ್ಗಿಸಿ ನೋಡಿ, ಅದು ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತಿದ್ದರೆ ಅಕ್ಷವನ್ನು ಎಡಬಲಕ್ಕೆ ತಿರುಗಿಸಬೇಕು. ಆಮೇಲೆ ಪೂರ್ವ ಅಥವಾ ಪಶ್ಚಿಮದಲ್ಲಿ ಕೆಳಗಿರುವ ನಕ್ಷತ್ರವನ್ನು ನೋಡಿ ಅಕ್ಷದ ಎತ್ತರವನ್ನು ತಿದ್ದಬೇಕು. ಇದಕ್ಕೆ ನಮಗೆ ಐವತ್ತು ನಿಮಿಷ ಹಿಡಿಯಿತು. ನಮ್ಮ ಅಕ್ಷಾಂಶದಲ್ಲಿ ಟ್ರ್ಯಾಕರಿನ ಅಕ್ಷ ಬಹುಮಟ್ಟಿಗೆ ಮಲಗಿದಂತೆ ಇರುವುದರಿಂದ ಕ್ಯಾಮೆರಾದ ಭಾರವೆಲ್ಲ ಉತ್ತರಕ್ಕೆ ವಾಲುತ್ತದೆ, ಹಾಗಾಗಿ ಮುಕ್ಕಾಲಿಯ ಒಂದು ಕಾಲನ್ನು ಉತ್ತರಕ್ಕೇ ಚಾಚಿ ನಿಲ್ಲಿಸಬೇಕು ಎಂಬ ಸಣ್ಣ ವಿಷಯವನ್ನು ಅವರು ಪ್ರತಿಯೊಬ್ಬರ ಬಳಿಗೆ ಹೋಗಿ ನೋಡಿ ಸರಿಪಡಿಸಿದರು. ಯೂರೋಪು, ಅಮೆರಿಕಗಳವರು ಮಾಡಿದ ವಿಡಿಯೋಗಳಲ್ಲಿ ಧ್ರುವ ನಕ್ಷತ್ರ ಆಕಾಶದ ನಡುವೆ ಆರಾಮವಾಗಿ ಕಾಣುತ್ತಿರುತ್ತದೆ. ಅಲ್ಲಿ ಕಲಿತದ್ದು ಇಲ್ಲಿ ಸಾಲುವುದಿಲ್ಲ. ಈ ಒಂದು ಪಾಠಕ್ಕಾಗಿಯೇ ಕೊಟ್ಟ ಶುಲ್ಕ ಸಾರ್ಥಕವೆಂದು ನಾನು ಭಾವಿಸುತ್ತೇನೆ.

ಬಾಡಿಗೆಗೆ ಸಿಕ್ಕ ಟ್ರ್ಯಾಕರ್ ಒಳ್ಳೆಯ ಸ್ಥಿತಿಯಲ್ಲಿತ್ತು. ನನ್ನದು ಸಾಮಾನ್ಯ ಕ್ಯಾನನ್ 200ಡಿ ಕ್ಯಾಮೆರಾ, ಅದರ ಜೊತೆಗೆ 55-250ರ ಜೂಮ್ ಲೆನ್ಸ್. ಅದನ್ನು 200 ಮಿಲಿಮೀಟರಿನಲ್ಲಿ ಇಟ್ಟಿದ್ದೆ. ಈ ಜೋಡಿಯಲ್ಲಿ ಟ್ರ್ಯಾಕರ್ ಇಲ್ಲದಿದ್ದರೆ ಮಹಾವ್ಯಾಧದ ನಕ್ಷತ್ರಗಳು ಕಾಲು ಸೆಕೆಂಡಿನಲ್ಲೇ ಒಂದು ಪಿಕ್ಸೆಲ್‌ನಷ್ಟು ಸರಿದುಬಿಡುತ್ತವೆ, ಏಕೆಂದರೆ ಆಕಾಶ ಪ್ರತಿ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಡಿಗ್ರಿಯ 3,600ನೇ ಒಂದು ಭಾಗಕ್ಕೆ ಒಂದು ಆರ್ಕ್‌ಸೆಕೆಂಡ್) ತಿರುಗುತ್ತದೆ, ನನ್ನ ಒಂದು ಪಿಕ್ಸೆಲ್ಲಿನ ವ್ಯಾಪ್ತಿ ನಾಲ್ಕು ಆರ್ಕ್‌ಸೆಕೆಂಡಿಗೂ ಕಡಿಮೆ. ಟ್ರ್ಯಾಕರ್ ಮೇಲೆ 45 ಸೆಕೆಂಡುಗಳವರೆಗೆ ನಕ್ಷತ್ರಗಳು ದುಂಡಗೆ ಉಳಿದವು. ಫೋಕಸ್ ಹಿಡಿಯಲು ಬಾಹ್ಟಿನೋವ್ ಮುಸುಕನ್ನು ಎಲ್ಲರಿಗೂ ಕೊಟ್ಟಿದ್ದರು. ಫೋಕಸ್ ಸರಿಯಾದ ಕೂಡಲೇ ಲೆನ್ಸಿನ ಉಂಗುರಕ್ಕೆ ಟೇಪು ಸುತ್ತಿಸಿದ್ದು ಅವರ ಅನುಭವವನ್ನು ತೋರಿಸುತ್ತದೆ.

ಈಗ ವೇಳಾಪಟ್ಟಿಯ ವಿಷಯಕ್ಕೆ ಬರುತ್ತೇನೆ. ಮಹಾವ್ಯಾಧ ನೀಹಾರಿಕೆ, ಕುದುರೆತಲೆ, ಏಡಿ, ರೊಸೆಟ್, ಕೊನೆಗೆ ಕರೀನಾ ಎಂದು ಐದನ್ನು ಗಂಟೆಗೊಂದರಂತೆ ಹಂಚಿದ್ದರು. ಪ್ರತಿ ಬಾರಿಯೂ ಹೊಸ ವಸ್ತುವನ್ನು ಹುಡುಕಿ ಚೌಕಟ್ಟಿಗೆ ತರುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತದೆ. ಚಿತ್ರಕ್ಕೆ ಉಳಿಯುವುದು ಇನ್ನರ್ಧ ಗಂಟೆ, ಅಂದರೆ 45 ಸೆಕೆಂಡಿನ ನಲವತ್ತು ಚಿತ್ರಗಳು. ಹಲವು ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ ಸರಾಸರಿ ತೆಗೆದಾಗ ಅದರ ಸ್ವಚ್ಛತೆ ಚಿತ್ರಗಳ ಸಂಖ್ಯೆಯ ವರ್ಗಮೂಲಕ್ಕೆ ಅನುಗುಣವಾಗಿ ಹೆಚ್ಚುತ್ತದೆಂದು ಸಂಜೆ ಅವರೇ ಹೇಳಿದ್ದರು. ಆ ಲೆಕ್ಕದಲ್ಲಿ ನಲವತ್ತು ಚಿತ್ರಗಳಿಂದ ಬರುವ ಲಾಭ ಸುಮಾರು ಆರು ಪಟ್ಟು, ಇನ್ನೂರರಿಂದ ಹದಿನಾಲ್ಕು ಪಟ್ಟು. ನಾನು ಅವರ ಅನುಮತಿ ಕೇಳಿ ಒಂದೇ ಚೌಕಟ್ಟಿಗೆ ಅಂಟಿಕೊಂಡೆ. ಮಹಾವ್ಯಾಧ ನೀಹಾರಿಕೆಗೂ ಮಹಾವ್ಯಾಧನ ಸೊಂಟಪಟ್ಟಿಯ ಎಡತುದಿಯ ಅಲ್ನಿತಾಕ್ ನಕ್ಷತ್ರಕ್ಕೂ ನಡುವಿನ ಅಂತರ ನಾಲ್ಕು ಡಿಗ್ರಿಗೂ ಕಡಿಮೆ; ಜ್ವಾಲೆ, ಕುದುರೆತಲೆ ನೀಹಾರಿಕೆಗಳು ಆ ನಕ್ಷತ್ರದ ಪಕ್ಕದಲ್ಲೇ ಇವೆ. ನನ್ನ ಚೌಕಟ್ಟಿನ ಉದ್ದ ಆರು ಡಿಗ್ರಿಗಿಂತ ಹೆಚ್ಚು. ಕ್ಯಾಮೆರಾವನ್ನು ಉದ್ದುದ್ದ ತಿರುಗಿಸಿದರೆ ಮಹಾವ್ಯಾಧ, ಜ್ವಾಲೆ, ಕುದುರೆತಲೆ ಮೂರೂ ಒಂದೇ ಚಿತ್ರದಲ್ಲಿ ಕೂರುತ್ತವೆ. ರಾತ್ರಿ ಒಂಬತ್ತರಿಂದ ಹನ್ನೆರಡೂವರೆಯ ಆಚೆಯವರೆಗೆ 240 ಚಿತ್ರ ತೆಗೆದು, ಕೆಟ್ಟವನ್ನು ಕಳೆದು 200 ಉಳಿಸಿಕೊಂಡೆ. ಒಟ್ಟು ಎರಡೂವರೆ ಗಂಟೆಗಳ ಬೆಳಕು. ಪಕ್ಕದ ಜಾಗದಲ್ಲಿದ್ದವರ ಕ್ಯಾಮೆರಾ ನನ್ನದಕ್ಕಿಂತ ಬಹಳ ಒಳ್ಳೆಯದಾಗಿತ್ತು. ಅವರು ಪಟ್ಟಿಯನ್ನು ನಿಷ್ಠೆಯಿಂದ ಅನುಸರಿಸಿ ಐದನ್ನೂ ತೆಗೆದರು. ಬೆಳಿಗ್ಗೆ ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ, ಮಹಾವ್ಯಾಧದ ರೆಕ್ಕೆಗಳ ಹೊರಗೆ ಹರಡಿರುವ ಮಸುಕು ಧೂಳು ನನ್ನದರಲ್ಲಿ ಕಾಣುತ್ತಿತ್ತು, ಅವರದರಲ್ಲಿ ಬರೀ ಕಾಳುಕಾಳಾಗಿತ್ತು. ಅವರಿಗೆ ಆದ ನಿರಾಸೆಯನ್ನು ನೋಡಿ ನನಗೆ ಬೇಸರವಾಯಿತು, ಏಕೆಂದರೆ ತಪ್ಪು ಅವರದಾಗಿರಲಿಲ್ಲ.

ಪಟ್ಟಿಯಲ್ಲಿನ ಏಡಿ ನೀಹಾರಿಕೆ ಸಾಮಾನ್ಯ ಲೆನ್ಸಿಗೆ ಸೂಕ್ತವೇ ಅಲ್ಲ. 1054ರಲ್ಲಿ ಜನ ಕಂಡ ಸೂಪರ್‌ನೋವಾದ ಅವಶೇಷವೆಂಬ ಕಾರಣಕ್ಕೆ ಅದು ಎಲ್ಲರಿಗೂ ಪ್ರಿಯ. ಆದರೆ ಆಕಾಶದಲ್ಲಿ ಅದರ ಉದ್ದ ಡಿಗ್ರಿಯ ಹತ್ತನೇ ಒಂದು ಭಾಗ, ಅಂದರೆ ಆರು ಆರ್ಕ್‌ನಿಮಿಷ ಮಾತ್ರ. ಆರು ಸಾವಿರ ಪಿಕ್ಸೆಲ್ ಅಗಲದ ನನ್ನ ಚಿತ್ರದಲ್ಲಿ ಅದು ನೂರು ಪಿಕ್ಸೆಲ್ಲನ್ನೂ ತುಂಬುವುದಿಲ್ಲ. ದೂರದರ್ಶಕ ತಂದವರಿಗೆ ಬೇರೆ ಪಟ್ಟಿ, ಲೆನ್ಸಿನವರಿಗೆ ಬೇರೆ ಪಟ್ಟಿ ಕೊಡಬಹುದಿತ್ತು.

ಕರೀನಾ ನೀಹಾರಿಕೆಯ ವಿಷಯದಲ್ಲಿ ನನ್ನ ಆಕ್ಷೇಪ ಇನ್ನೂ ಗಂಭೀರವಾದದ್ದು. ಮಹಾವ್ಯಾಧಕ್ಕಿಂತಲೂ ವಿಸ್ತಾರವಾದ ಆ ನೀಹಾರಿಕೆಯನ್ನು ಉತ್ತರ ಭಾರತದವರು ನೋಡುವುದು ಕಷ್ಟ. ನಮಗೆ ಅದು ಕಾಣುತ್ತದೆಂಬುದು ದಕ್ಷಿಣದವರ ಭಾಗ್ಯ. ಆದರೂ ಗುಡಿಬಂಡೆಯಿಂದ ಅದು ಅತಿ ಎತ್ತರಕ್ಕೆ ಬಂದಾಗಲೂ ದಕ್ಷಿಣ ದಿಗಂತದಿಂದ ಹದಿನಾರು ಹದಿನೇಳು ಡಿಗ್ರಿ ಮೇಲಿರುತ್ತದೆ ಅಷ್ಟೆ. ಈ ಜಿಲ್ಲೆಗೆ ಬೆಂಗಳೂರು ಇರುವುದು ಸರಿಯಾಗಿ ದಕ್ಷಿಣಕ್ಕೆ. ರಾತ್ರಿ ಮೂರು ಗಂಟೆ ದಾಟಿದ ಮೇಲೆ, ನಿದ್ದೆಗೆಟ್ಟು ಕಾದು ನಿಂತವರೆಲ್ಲ ಕಂಡದ್ದು ನಗರದ ಕಿತ್ತಳೆ ಬೆಳಕಿನಲ್ಲಿ ಅರ್ಧ ಕರಗಿಹೋದ ಒಂದು ಮಸುಕು ತೇಪೆ. ಇದೇ ನೀಹಾರಿಕೆಗೆ ಕೋಲಾರ ಜಿಲ್ಲೆಯ ಜಾಗವೊಂದನ್ನು ಆರಿಸಿದ್ದರೆ ಬೆಂಗಳೂರಿನ ಬೆಳಕು ಪಶ್ಚಿಮಕ್ಕೆ ಉಳಿಯುತ್ತಿತ್ತು. ತುಮಕೂರಿನ ಕಡೆ ಹೋದರೆ ಅದು ಆಗ್ನೇಯಕ್ಕೆ ಬೀಳುತ್ತದೆ. ಮಹಾವ್ಯಾಧ, ರೊಸೆಟ್‌ಗಳಂತೆ ನೆತ್ತಿಯ ಹತ್ತಿರ ಹಾದುಹೋಗುವ ನೀಹಾರಿಕೆಗಳಿಗೆ ಗುಡಿಬಂಡೆ ತಕ್ಕ ಜಾಗ, ಕರೀನಾಕ್ಕೆ ಅಲ್ಲ. ಯಾವ ಊರಿನಿಂದ ಯಾವ ದಿಕ್ಕು ಕತ್ತಲೆಯಿದೆ ಎಂಬುದನ್ನು ನೋಡಿ ಕಾರ್ಯಕ್ರಮ ರೂಪಿಸುವುದು ಸಂಘಟಕರ ಕೆಲಸ.

ಪೂರ್ವದ ಬದಿಯಲ್ಲಿ ಇನ್ನೊಂದು ಬೆಳಕಿತ್ತು. ಸೇವಂತಿಗೆ ಬೆಳೆಯುವವರು ಹೊಲದ ಮೇಲೆ ಸಾಲುಸಾಲಾಗಿ ಬಲ್ಬು ಕಟ್ಟಿ ರಾತ್ರಿಯಲ್ಲಿ ಕೆಲವು ಗಂಟೆ ಉರಿಸುವುದನ್ನು ನಮ್ಮ ಕಡೆಯವರೆಲ್ಲ ನೋಡಿದ್ದಾರೆ. ದೀರ್ಘ ರಾತ್ರಿ ಸಿಕ್ಕರೆ ಗಿಡ ಬೇಗ ಮೊಗ್ಗಾಗುತ್ತದೆ. ರಾತ್ರಿಯನ್ನು ಬೆಳಕಿನಿಂದ ತುಂಡರಿಸಿದರೆ ಗಿಡ ಎತ್ತರಕ್ಕೆ ಬೆಳೆದು ಆಮೇಲೆ ಹೂ ಬಿಡುತ್ತದೆ. ಅದು ಅವರ ಜೀವನೋಪಾಯ, ಆರಿಸಿರೆಂದು ಕೇಳುವ ಹಕ್ಕು ಹವ್ಯಾಸಿಗಳಾದ ನಮಗಿಲ್ಲ. ಸಂಘಟಕರು ಪಕ್ಕದ ಹೊಲದವರೊಡನೆ ಮಾತನಾಡಿ, ತಮ್ಮ ಕಡೆಯ ಬೇಲಿಗೆ ಎರಡು ಪದರದ ಶೇಡ್ ನೆಟ್ ಕಟ್ಟಿಸಿದ್ದರು. ನೇರ ಬೆಳಕು ಕಣ್ಣಿಗೆ ಬೀಳದಂತೆ ಅದು ತಡೆಯಿತು. ಈ ಸೌಜನ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅಷ್ಟೇ ಕಟ್ಟುನಿಟ್ಟು ನಮ್ಮೊಳಗೂ ಇರಬೇಕಿತ್ತು: ಹತ್ತೂವರೆಗೆ ತಡವಾಗಿ ಬಂದ ಕಾರೊಂದನ್ನು ಹೆಡ್‌ಲೈಟ್ ಉರಿಸಿಕೊಂಡೇ ಮೈದಾನದವರೆಗೆ ಬಿಟ್ಟರು. ಎಲ್ಲರ ಒಂದೆರಡು ಚಿತ್ರಗಳು ಕೆಟ್ಟದ್ದು ದೊಡ್ಡದಲ್ಲ. ಕತ್ತಲೆಗೆ ಹೊಂದಿಕೊಂಡ ಕಣ್ಣು ಮತ್ತೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು.

ಕಣ್ಣಿನಿಂದ ನೋಡಲೆಂದು ಎಂಟು ಅಂಗುಲದ ಡಾಬ್ಸೋನಿಯನ್ ದೂರದರ್ಶಕವನ್ನೂ ಇಟ್ಟಿದ್ದರು. ಅದರಲ್ಲಿ ಮಹಾವ್ಯಾಧದ ನಡುವಿನ ನಾಲ್ಕು ನಕ್ಷತ್ರಗಳ ಗುಂಪು ಚೂಪಾಗಿ, ಅದರ ಸುತ್ತ ಹಕ್ಕಿಯ ರೆಕ್ಕೆಯಂಥ ಬೂದು ಹಸಿರಿನ ಮಂಜು ಹರಡಿಕೊಂಡು ಕಂಡಿತು. ನನ್ನ ಅಕ್ಕನ ಮಗಳು ಬಹಳ ಹೊತ್ತು ನೋಡಿ, “ಮಾವ, ಫೋಟೋದಲ್ಲಿರೋ ಕೆಂಪು ಇದರಲ್ಲಿ ಎಲ್ಲಿ?” ಎಂದು ಕೇಳಿದಳು. ಕಲಿಸುವವರಲ್ಲೊಬ್ಬರು ಪಕ್ಕದಲ್ಲೇ ಇದ್ದರು. “ಕೆಂಪು ಅಲ್ಲೇ ಇದೆ ಕಣಮ್ಮ, ಆದರೆ ಇಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಗುರುತಿಸುವ ಶಕ್ತಿ ಕಡಿಮೆ, ಕೆಂಪಿಗಂತೂ ಇನ್ನೂ ಕಡಿಮೆ” ಎಂದು ಹೇಳಿ, ಸುಮಾರು 1,350 ವರ್ಷಗಳ ಹಿಂದೆ ಹೊರಟ ಬೆಳಕನ್ನು ಅವಳು ನೋಡುತ್ತಿದ್ದಾಳೆಂದು ವಿವರಿಸಿದರು. ಅವಸರವಿಲ್ಲದೆ ಮಕ್ಕಳಿಗೆ ಉತ್ತರ ಕೊಡುವ ಇಂಥ ಗುಣವನ್ನು ನಾನು ಇತರ ಕೂಟಗಳಲ್ಲಿ ಕಂಡಿಲ್ಲ.

ಹನ್ನೊಂದೂವರೆಯ ಹೊತ್ತಿಗೆ ಇಬ್ಬನಿ ಇಳಿಯಿತು. ನೀಹಾರ ಎಂದರೆ ಮಂಜು, ಇಬ್ಬನಿ ಎಂದೇ ಅರ್ಥ. ನೀಹಾರಿಕೆಯ ಚಿತ್ರಕ್ಕೆ ಅದಕ್ಕಿಂತ ದೊಡ್ಡ ತೊಡಕು ನಮ್ಮ ಬಯಲುಸೀಮೆಯ ಪುಷ್ಯಮಾಸದಲ್ಲಿ ಇನ್ನೊಂದಿಲ್ಲ. ಲೆನ್ಸಿನ ಸುತ್ತ ಕಟ್ಟಿ ಅದನ್ನು ಬೆಚ್ಚಗಿಡುವ ಹೀಟರ್ ಪಟ್ಟಿಗಳು ಅವರ ಬಳಿ ಆರು ಮಾತ್ರ ಇದ್ದವು. ನನಗೆ ಒಂದು ಸಿಕ್ಕಿತು. ಅಕ್ಕನ ಮಗಳಿಗೆ ಸಿಗಲಿಲ್ಲ. ಲೆನ್ಸ್ ಮಸುಕಾದದ್ದು ತಿಳಿಯುವಷ್ಟರಲ್ಲಿ ಅವಳ ಅರವತ್ತು ಚಿತ್ರಗಳು ಹಾಳಾಗಿದ್ದವು. ಈ ಪಟ್ಟಿಗಳು ದುಬಾರಿಯಲ್ಲ, ಪವರ್ ಬ್ಯಾಂಕಿನಿಂದ ನಡೆಯುತ್ತವೆ. ಟ್ರ್ಯಾಕರ್ ಬಾಡಿಗೆಯ ಜೊತೆಗೇ ಒಂದೊಂದನ್ನು ಕೊಡಲೇಬೇಕು. ಹೋಗುವವರು ಸ್ವಂತದ್ದನ್ನು ಕೊಂಡೊಯ್ಯಿರಿ.

ಚಿತ್ರಗಳ ಜೋಡಣೆಯನ್ನು ಕಲಿಸಿದ ರೀತಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಚಳಿಯಲ್ಲಿ, ಅದೇ 45 ಸೆಕೆಂಡಿನ ಇಪ್ಪತ್ತು ಕಪ್ಪು ಚಿತ್ರಗಳನ್ನು ಎಲ್ಲರಿಂದಲೂ ತೆಗೆಸಿದರು. ಕ್ಯಾಮೆರಾದ ಸಂವೇದಕವೇ ಹುಟ್ಟಿಸುವ ಚುಕ್ಕೆಗಳನ್ನು ಕಳೆಯಲು ಇವು ಬೇಕು. ಬೆಳಗಾಗುವ ಹೊತ್ತಿಗೆ ತೊಳೆದ ಬಿಳಿ ಪಂಚೆಯೊಂದನ್ನು ಮಡಿಸಿ ಲೆನ್ಸಿನ ಮುಂದೆ ಬಿಗಿಯಾಗಿ ಹಿಡಿದು, ಬೆಳಕಾಗುತ್ತಿರುವ ಆಕಾಶಕ್ಕೆ ಮುಖಮಾಡಿ ಮೂವತ್ತು ಸಮತಲ ಚಿತ್ರಗಳನ್ನು ತೆಗೆಸಿದರು. ಲೆನ್ಸಿನ ಅಂಚಿನ ಮಬ್ಬು, ಸಂವೇದಕದ ಮೇಲಿನ ಧೂಳಿನ ಕಲೆಗಳು ಇದರಿಂದ ಹೋಗುತ್ತವೆ. ಟೇಪು ಸುತ್ತಿದ್ದರ ಉಪಯೋಗ ನನಗೆ ಆಗ ಪೂರ್ತಿ ಅರ್ಥವಾಯಿತು, ಏಕೆಂದರೆ ಫೋಕಸ್ ಕದಲಿದರೆ ಈ ಚಿತ್ರಗಳು ಹೊಂದುವುದಿಲ್ಲ. ಏಳರಿಂದ ಹತ್ತರವರೆಗೆ ಉಚಿತವಾಗಿ ಸಿಗುವ ಸಿರಿಲ್ ತಂತ್ರಾಂಶದಲ್ಲಿ ಜೋಡಣೆ. ಇನ್ನೂರು ಚಿತ್ರಗಳು ಒಂದಾಗಿ, ಬಹುಮಟ್ಟಿಗೆ ಕಪ್ಪಾಗಿದ್ದ ಚಿತ್ರದ ಮಂದ ಬೆಳಕನ್ನು ಮೆಲ್ಲಗೆ ಹೆಚ್ಚಿಸಿದಾಗ ಮೊದಲು ಮಹಾವ್ಯಾಧ, ಆಮೇಲೆ ಜ್ವಾಲೆ, ಕೊನೆಗೆ ತೀರ ಮಸುಕಾಗಿ ಕುದುರೆಯ ತಲೆ ಮೇಲೆದ್ದು ಬಂದವು. ಆ ಕ್ಷಣದಲ್ಲಿ ನನಗಾದ ಆನಂದವನ್ನು ಬರೆದು ತಿಳಿಸುವುದು ಕಷ್ಟ. ಕುದುರೆತಲೆ ಮಸುಕಾಗಿರುವುದು ಕ್ಯಾಮೆರಾದ ಕಾರಣದಿಂದ: ಸಾಮಾನ್ಯ ಕ್ಯಾಮೆರಾದ ಒಳಗಿನ ಶೋಧಕ (ಫಿಲ್ಟರ್) 656.3 ನ್ಯಾನೋಮೀಟರಿನ ಕೆಂಪನ್ನು ಬಹುಪಾಲು ತಡೆದುಬಿಡುತ್ತದೆ. ನೀಹಾರಿಕೆಯ ನಡುಭಾಗ ಅತಿಯಾಗಿ ಬೆಳಗಿ ಬಿಳಿಚಿದ್ದಕ್ಕೆ ನಾಲ್ಕೈದು ಸೆಕೆಂಡಿನ ಚಿಕ್ಕ ಚಿತ್ರಗಳನ್ನೂ ತೆಗೆದು ಸೇರಿಸಬೇಕೆಂದು ಬೆಳಿಗ್ಗೆ ಹೇಳಿದರು. ರಾತ್ರಿಯೇ ಹೇಳಿದ್ದರೆ ಎಲ್ಲರೂ ತೆಗೆಯುತ್ತಿದ್ದರು.

ಪ್ರಚಾರದ ಚಿತ್ರದ ಬಗ್ಗೆ ಒಂದು ಮಾತು. ಅದರಲ್ಲಿ ಹಾಕಿದ್ದು ಗರುಡ ನೀಹಾರಿಕೆಯ ಕಂಬಗಳ ಚಿತ್ರ. ಹಬಲ್ ದೂರದರ್ಶಕ 1995ರಲ್ಲಿ ತೆಗೆದು ಪ್ರಸಿದ್ಧವಾದ ಆ ಚಿತ್ರದಲ್ಲಿ ಗಂಧಕದ ಬೆಳಕಿಗೆ ಕೆಂಪು, ಜಲಜನಕದ್ದಕ್ಕೆ ಹಸಿರು, ಆಮ್ಲಜನಕದ್ದಕ್ಕೆ ನೀಲಿ ಎಂದು ಬಣ್ಣ ಹಂಚಲಾಗಿದೆ. ಜನವರಿಯಲ್ಲಿ ಆ ನೀಹಾರಿಕೆ ಸೂರ್ಯನಿಗೆ ಹತ್ತಿರವಿದ್ದು, ಮುಂಜಾವಿನ ಬೆಳಕು ಹರಡುವ ಮುನ್ನ ಚಿತ್ರಕ್ಕೆ ಸಿಗುವುದೇ ಇಲ್ಲ. ಹಿಂದಿನ ಕೂಟಗಳಲ್ಲಿ ಭಾಗವಹಿಸಿದವರು ತೆಗೆದ ಚಿತ್ರವನ್ನೇ ಹಾಕಿದರೆ ಹೊಸಬರಿಗೆ ನಿಜವಾದ ನಿರೀಕ್ಷೆ ಇರುತ್ತದೆ, ಮತ್ತು ಆ ಚಿತ್ರಗಳು ನಾಚಿಕೊಳ್ಳುವಂಥವಲ್ಲ.

ಊಟ ಚೆನ್ನಾಗಿತ್ತು: ರಾಗಿಮುದ್ದೆ, ಹಿತಕಿದ ಅವರೆಬೇಳೆ ಸಾರು, ರಾತ್ರಿ ಒಂದಕ್ಕೆ ಬಿಸಿ ಚಹಾ. ಶೌಚಾಲಯಗಳು ಎರಡೇ ಆದರೂ ಸ್ವಚ್ಛವಾಗಿದ್ದವು, ದಾರಿಗೆ ಕೆಂಪು ದೀಪ ಇಟ್ಟಿದ್ದರು. ಹೆಣ್ಣುಮಕ್ಕಳ ಡೇರೆಗಳು ತೋಟದ ಮನೆಗೆ ಹೊಂದಿಕೊಂಡಿದ್ದವು.

ಕ್ಯಾಮೆರಾವನ್ನು ಮ್ಯಾನ್ಯುಯಲ್ ಮೋಡಿನಲ್ಲಿ ಬಳಸಲು ಬರುವ ಯಾರಿಗಾದರೂ ಈ ಕೂಟವನ್ನು ನಾನು ಹೇಳುತ್ತೇನೆ. ಮೊಬೈಲ್ ಮಾತ್ರ ಇರುವವರಿಗೆ ಇಷ್ಟು ಹಣ ದುಬಾರಿಯಾದೀತು. ಹೊರಡುವ ಮುನ್ನ ಸಂಘಟಕರಿಗೆ ಹೀಟರ್ ಪಟ್ಟಿ, ಉತ್ತರದ ತೋಪು, ಕರೀನಾ ಈ ಮೂರರ ಬಗ್ಗೆಯೂ ಹೇಳಿದೆವು, ಅವರು ಬರೆದುಕೊಂಡರು. ಮಾಘದ ಅಮಾವಾಸ್ಯೆಯ ಕೂಟಕ್ಕೆ ತೋಪಿನಿಂದ ದೂರವಾದ, ಧ್ರುವ ಕಾಣುವ ಎರಡು ಜಾಗಗಳನ್ನು ಕಾದಿರಿಸಿ ಬಂದಿದ್ದೇವೆ. ಅಂದು ಇಬ್ಬರೂ ಇಡೀ ರಾತ್ರಿ ರೊಸೆಟ್ ಒಂದನ್ನೇ ತೆಗೆಯುತ್ತೇವೆ.